ಸಮಾನಾಸಕ್ತರ ಸಣ್ಣ ಕೂಟಗಳು: ಅವರ ವಯಸ್ಸನ್ನು ಅರಿಯುವ ಬಗೆ

ಮನುಷ್ಯನು ಸಂಘಜೀವಿಯೆಂಬ ಮಾತು ಬಹು ಹಳೆಯದು. ಆದರೆ ಅವನು ಸೇರುವ ಸಂಘಗಳೆಲ್ಲವೂ ಒಂದೇ ಬಗೆಯವಲ್ಲ. ಕುಲ, ಊರು, ಕಸುಬು ಇವುಗಳಿಂದ ಏರ್ಪಟ್ಟ ಸಂಘಗಳಿಗೆ ನಾವು ಹುಟ್ಟಿನಿಂದಲೋ ಜೀವನೋಪಾಯದಿಂದಲೋ ಸೇರಿಹೋಗುತ್ತೇವೆ. ಇವಲ್ಲದೆ ಕೇವಲ ಒಂದು ಒಲವಿನ ದೆಸೆಯಿಂದ ಕೂಡುವ ಸಣ್ಣ ಸಣ್ಣ ಕೂಟಗಳೂ ಉಂಟು. ಹಕ್ಕಿಗಳನ್ನು ನೋಡಿ ಪಟ್ಟಿಮಾಡುವವರು, ಅಂಚೆಚೀಟಿ ಕೂಡಿಸುವವರು, ದೂರದ ರೇಡಿಯೋ ಕೇಂದ್ರಗಳನ್ನು ಹುಡುಕಿ ಕೇಳುವವರು, ಹೋರಿಗಳ ತಳಿಯನ್ನೂ ಗುಣವನ್ನೂ ಬಲ್ಲವರು ಇಂಥ ಕೂಟಗಳಿಗೆ ಸೇರಿದವರು.

ಇಂಥ ಕೂಟಗಳನ್ನು ಕುರಿತು ಜನರಲ್ಲಿ ಸಿದ್ಧವಾದ ಅಭಿಪ್ರಾಯಗಳಿರುತ್ತವೆ. ಹಕ್ಕಿ ನೋಡುವುದು ನಿವೃತ್ತರ ಕೆಲಸವೆಂದೂ, ರೇಡಿಯೋ ಮುದುಕರ ಸಂಗಾತಿಯೆಂದೂ, ಕೈಫೋನಿನ ಮೂಲಕ ಕೂಡುವವರೆಲ್ಲರೂ ಹುಡುಗರೆಂದೂ ನಾವು ಕೇಳುತ್ತೇವೆ. ಈ ಮಾತುಗಳು ಎಷ್ಟರಮಟ್ಟಿಗೆ ನಿಜ? ಒಂದು ಸಣ್ಣ ಕೂಟದವರ ವಯಸ್ಸನ್ನೂ ಅಭಿರುಚಿಯನ್ನೂ ತಿಳಿಯಬೇಕಾದರೆ ಹೇಗೆ ತಿಳಿಯಬೇಕು? ಪ್ರಶ್ನೆ ಸುಲಭವಾಗಿ ತೋರುತ್ತದೆ. ಎಲ್ಲರನ್ನೂ ಕೇಳಿ ಕೂಡಿ ಭಾಗಿಸಿದರಾಯಿತು ಎನ್ನಿಸುತ್ತದೆ. ಆದರೆ ಇದರೊಳಗೆ ಸಂಖ್ಯಾಶಾಸ್ತ್ರದ ಹಲವು ಮುಖ್ಯ ಪಾಠಗಳು ಅಡಗಿವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನೇ ನಮ್ಮ ಪ್ರಯೋಗಶಾಲೆಯಾಗಿ ಭಾವಿಸಿ ಆ ಪಾಠಗಳನ್ನು ಒಂದೊಂದಾಗಿ ನೋಡೋಣ.

ಕೂಟವು ಸಣ್ಣದಾಗಿರುವುದೇಕೆ?

2011ರ ಜನಗಣತಿಯಂತೆ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497. ಆಗ ಹರಪನಹಳ್ಳಿಯೂ ಈ ಜಿಲ್ಲೆಗೆ ಸೇರಿದ್ದು, ಒಟ್ಟು ಆರು ತಾಲ್ಲೂಕುಗಳಿದ್ದವು. ಹತ್ತು ಸಾವಿರ ಮಂದಿಗೆ ಒಬ್ಬನಂತೆ ಯಾವುದೋ ಒಂದು ವಿಶೇಷ ಆಸಕ್ತಿಯುಳ್ಳವರು ಇದ್ದಾರೆಂದು ಭಾವಿಸೋಣ. ಇಡೀ ಜಿಲ್ಲೆಯಲ್ಲಿ ಅಂಥವರು ಸುಮಾರು 195 ಮಂದಿ. ತಾಲ್ಲೂಕೊಂದಕ್ಕೆ ಸರಾಸರಿ 32 ಮಂದಿ. ಒಂದು ತಾಲ್ಲೂಕಿನಲ್ಲಿ ನೂರಕ್ಕೂ ಮಿಗಿಲಾದ ಹಳ್ಳಿಗಳಿರುವುದರಿಂದ, ಅನೇಕ ಹಳ್ಳಿಗಳಲ್ಲಿ ಅಂಥವನು ಒಬ್ಬನೂ ಇರಲಾರನು. ಇದ್ದ ಹಳ್ಳಿಯಲ್ಲಿಯೂ ಅವನಿಗೆ ಜೊತೆ ಸಿಕ್ಕುವುದು ಕಷ್ಟ. ಜಗಳೂರು ಜಿಲ್ಲೆಯ ಒಂದು ತುದಿಯಲ್ಲಿದ್ದರೆ ನ್ಯಾಮತಿ ಇನ್ನೊಂದು ತುದಿಯಲ್ಲಿದೆ. ನಡುವೆ ಸುಮಾರು ನೂರು ಕಿಲೋಮೀಟರುಗಳ ದಾರಿ. ಆದುದರಿಂದ ಇಂಥ ಕೂಟಗಳು ಊರಿನ ಕಟ್ಟೆಯ ಮೇಲೆ ಕೂಡುವುದು ಅಪರೂಪ. ಅವಕ್ಕೆ ದೂರವನ್ನು ದಾಟಿಸುವ ಒಂದು ಸಾಧನ ಬೇಕು.

ಹಿಂದೆ ಆ ಸಾಧನವು ಅಂಚೆಯಾಗಿತ್ತು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದಾಗ ನಾಡಿನಲ್ಲಿ ಹಕ್ಕಿ ನೋಡುವವರ ಕೂಟವೆಂಬುದು ಹೆಚ್ಚಾಗಿ ಬೆಳೆದಿರಲಿಲ್ಲ. 1960ರ ಹೊತ್ತಿಗೆ ಜಾಫರ್ ಫತೇಹಲ್ಲಿಯವರು ಪಕ್ಷಿವೀಕ್ಷಕರಿಗಾಗಿ ಒಂದು ಪುಟ್ಟ ಮಾಸಪತ್ರಿಕೆಯನ್ನು ಪ್ರಾರಂಭಿಸಿದರು. ಮೊದಮೊದಲು ಸರಳ ವಿಧಾನದಿಂದ ಪ್ರತಿಗಳನ್ನು ತೆಗೆದು, ಕೆಲವೇ ಮಂದಿ ಚಂದಾದಾರರಿಗೆ ಕಳುಹಿಸಲಾಗುತ್ತಿತ್ತು. ಚದರಿಹೋಗಿದ್ದ ಆಸಕ್ತರನ್ನು ಒಟ್ಟುಗೂಡಿಸಿದುದು ಇಂಥ ಹಾಳೆಗಳೇ. ಇಂದು ಅದೇ ಕೆಲಸವನ್ನು ಕೈಫೋನು ಮಾಡುತ್ತಿದೆ. ಸಾಧನವು ಬದಲಾಯಿತು, ಕೂಟದ ಸ್ವಭಾವವು ಬದಲಾಗಲಿಲ್ಲ.

ನಾವು ಯಾವ ಬಾಗಿಲಿನಿಂದ ನೋಡುತ್ತೇವೆ?

ಕೂಟವು ಕಣ್ಣಿಗೆ ಒಟ್ಟಾಗಿ ಕಾಣಿಸದಿರುವುದರಿಂದ, ನಾವು ಯಾವುದಾದರೊಂದು ಬಾಗಿಲಿನಲ್ಲಿ ನಿಂತು ಅದನ್ನು ನೋಡಬೇಕಾಗುತ್ತದೆ. ಮೊದಲನೆಯ ತಪ್ಪು ಹುಟ್ಟುವುದು ಇಲ್ಲಿಯೇ.

ಹೊನ್ನಾಳಿ, ನ್ಯಾಮತಿಗಳ ಕಡೆ ದೀಪಾವಳಿಯ ತರುವಾಯ ನಡೆಯುವ ಹೋರಿಹಬ್ಬವನ್ನು ತೆಗೆದುಕೊಳ್ಳೋಣ. ಅಲಂಕರಿಸಿದ ಹೋರಿಗಳ ಕೊರಳಿಗೆ ಕೊಬ್ಬರಿಯ ಸರಗಳನ್ನು ಕಟ್ಟಿ ಓಡಿಸುತ್ತಾರೆ. ಧೈರ್ಯಶಾಲಿಗಳು ಆ ಸರವನ್ನು ಹರಿಯಲು ಮುನ್ನುಗ್ಗುತ್ತಾರೆ. ಒಂದೊಂದು ಹೋರಿಗೂ ಹೆಸರುಂಟು, ಅಭಿಮಾನಿಗಳುಂಟು. ಕಣದೊಳಗೆ ಓಡುವವರನ್ನು ಎಣಿಸಿ ‘ಹೋರಿಯ ಆಸಕ್ತರ ವಯಸ್ಸು ಇಷ್ಟು’ ಎಂದು ಬರೆದುಬಿಟ್ಟರೆ ಏನಾಗುತ್ತದೆ? ಓಡಬಲ್ಲ ವಯಸ್ಸಿನವರು ಮಾತ್ರ ಲೆಕ್ಕಕ್ಕೆ ಸಿಕ್ಕುತ್ತಾರೆ. ಹೋರಿಯ ಸುಳಿ, ಕೊಂಬು, ನಡೆಗಳನ್ನು ನೋಡಿ ಗುಣ ಹೇಳುವ ಹಿರಿಯರು, ವರ್ಷವಿಡೀ ಅದಕ್ಕೆ ಮೇವು ನೀರು ಕೊಡುವ ಮನೆಯ ಹೆಂಗಸರು, ಈ ಇಬ್ಬರೂ ಬಿಟ್ಟುಹೋಗುತ್ತಾರೆ. ಆಸಕ್ತಿ ಒಂದೇ, ಆದರೆ ಅದು ಬೇರೆ ಬೇರೆ ವಯಸ್ಸಿನವರಲ್ಲಿ ಬೇರೆ ಬೇರೆ ಸ್ಥಳಗಳಲ್ಲಿ ತೋರುತ್ತದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಥವಾ ಶಾಂತಿಸಾಗರ, ನಾಡಿನ ಹಿರಿಯ ಕೆರೆಗಳಲ್ಲೊಂದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಯ ನೆಲೆ. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಸಣ್ಣ ಪ್ರಾಣಿಗಾಗಿಯೇ 2011ರಲ್ಲಿ ಅದನ್ನು ವನ್ಯಧಾಮವನ್ನಾಗಿ ಘೋಷಿಸಲಾಯಿತು. ಇಂಥ ಸ್ಥಳಗಳಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಫೋನಿನ ಮೂಲಕ ಒಂದು ದೊಡ್ಡ ಕೋಶಕ್ಕೆ ಸೇರಿಸುವ ಪದ್ಧತಿ ಇಂದು ಲೋಕದಲ್ಲೆಲ್ಲ ಹಬ್ಬಿದೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಹಿತ್ತಲ ಹಕ್ಕಿಗಳ ಗಣತಿಯಲ್ಲಿ ಭಾರತವೂ 2013ರಿಂದ ಪಾಲುಗೊಳ್ಳುತ್ತಿದೆ. ಪಟ್ಟಿ ಕಳುಹಿಸಿದವರು ಆ ಗಣತಿಯಲ್ಲಿ ದಾಖಲಾಗುತ್ತಾರೆ. ಆದರೆ ಪ್ರತಿದಿನವೂ ಕೆರೆಯ ಮೇಲೆ ಇರುವ ಬೆಸ್ತನೂ, ಕುರುಚಲು ಕಾಡಿನ ಅಂಚಿನಲ್ಲಿ ಕುರಿ ಮೇಯಿಸುವವನೂ ಹಕ್ಕಿಗಳನ್ನು ಬಲ್ಲವರೇ ಆಗಿದ್ದರೂ, ಪಟ್ಟಿ ಕಳುಹಿಸದ ಕಾರಣ ಅಲ್ಲಿ ಇರುವುದಿಲ್ಲ. ಆದಕಾರಣ ‘ಪಟ್ಟಿ ಕಳುಹಿಸುವವರು’ ಎಂಬುದನ್ನೂ ‘ಹಕ್ಕಿಗಳಲ್ಲಿ ಆಸಕ್ತರು’ ಎಂಬುದನ್ನೂ ಒಂದೇ ಎಂದು ಎಣಿಸಬಾರದು. ಅಧ್ಯಯನಕ್ಕೆ ಮೊದಲೇ ನಮ್ಮ ಕೂಟವೆಂದರೆ ಯಾರು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳುವುದು ಅವಶ್ಯ.

ಕಾಗದಗಳನ್ನು ಎಣಿಸುವುದೋ, ಬರೆದವರನ್ನು ಎಣಿಸುವುದೋ?

ಭದ್ರಾವತಿಯ ಆಕಾಶವಾಣಿ ಕೇಂದ್ರವು 1965ರಲ್ಲಿ ಪ್ರಾರಂಭವಾಯಿತು. ನೆರೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಮನೆಗಳಿಗೂ ಅದರ ಧ್ವನಿ ಮುಟ್ಟಿತು. ಶ್ರೋತೃಗಳು ಮೆಚ್ಚಿದ ಹಾಡನ್ನು ಕೋರಿ ರೇಡಿಯೋ ಕೇಂದ್ರಗಳಿಗೆ ಕಾಗದ ಬರೆಯುವ ರೂಢಿಯನ್ನು ವಾಚಕರು ಬಲ್ಲರು. ಒಂದು ಕಾರ್ಯಕ್ರಮಕ್ಕೆ ಬಂದ 100 ಕಾಗದಗಳು ನಮ್ಮ ಕೈಗೆ ಸಿಕ್ಕಿವೆಯೆಂದು ಊಹಿಸಿಕೊಳ್ಳೋಣ. ಹತ್ತು ಮಂದಿ ಹಿರಿಯರು ತಲಾ 7 ಕಾಗದಗಳನ್ನು ಬರೆದಿದ್ದಾರೆ. ಮೂವತ್ತು ಮಂದಿ ಕಿರಿಯರು ತಲಾ ಒಂದು ಕಾಗದವನ್ನು ಬರೆದಿದ್ದಾರೆ. ಹಿರಿಯರ ವಯಸ್ಸು 60, ಕಿರಿಯರ ವಯಸ್ಸು 20 ಎಂದಿಟ್ಟುಕೊಳ್ಳೋಣ.

ಕಾಗದಗಳನ್ನು ಎಣಿಸಿದರೆ ಸರಾಸರಿ ವಯಸ್ಸು: 70 × 60 + 30 × 20 = 4,800; ಇದನ್ನು 100ರಿಂದ ಭಾಗಿಸಿದರೆ 48.

ಬರೆದವರನ್ನು ಎಣಿಸಿದರೆ ಸರಾಸರಿ ವಯಸ್ಸು: 10 × 60 + 30 × 20 = 1,200; ಇದನ್ನು 40ರಿಂದ ಭಾಗಿಸಿದರೆ 30.

ಅವೇ ಕಾಗದಗಳು, ಅವರೇ ಜನರು. ಆದರೂ ಉತ್ತರಗಳಲ್ಲಿ 18 ವರ್ಷಗಳ ಅಂತರ! ‘ಈ ಕೂಟದಲ್ಲಿ ಮಾತೆಲ್ಲ ಹಿರಿಯರದೇ’ ಎಂಬುದು ಮೊದಲನೆಯ ಲೆಕ್ಕದಿಂದ ನಿಜ. ‘ಈ ಕೂಟದಲ್ಲಿ ಹಿರಿಯರೇ ಹೆಚ್ಚು’ ಎಂಬುದು ಎರಡನೆಯ ಲೆಕ್ಕದಿಂದ ಸುಳ್ಳು.

ಹೆಚ್ಚು ಮಾತನಾಡುವವರು ಕೆಲವರೇ ಆಗಿರುವುದು ಆಕಸ್ಮಿಕವಲ್ಲ. 1926ರಲ್ಲಿ ಆಲ್‌ಫ್ರೆಡ್ ಲೋಟ್ಕಾ ಎಂಬ ವಿದ್ವಾಂಸನು ವಿಜ್ಞಾನಿಗಳು ಪ್ರಕಟಿಸಿದ ಲೇಖನಗಳನ್ನು ಎಣಿಸಿ ಒಂದು ನಿಯಮವನ್ನು ಕಂಡುಕೊಂಡನು. ಒಂದೇ ಲೇಖನ ಬರೆದವರು 100 ಮಂದಿ ಇದ್ದರೆ, ಎರಡು ಬರೆದವರು ಅದರ ನಾಲ್ಕನೆಯ ಒಂದು ಭಾಗ, ಎಂದರೆ ಸುಮಾರು 25. ಮೂರು ಬರೆದವರು ಒಂಬತ್ತನೆಯ ಒಂದು ಭಾಗ, ಎಂದರೆ ಸುಮಾರು 11. ಹೀಗೆ ಬರೆಹದ ಸಂಖ್ಯೆ ಹೆಚ್ಚಿದಂತೆ ಬರೆದವರ ಸಂಖ್ಯೆ ವೇಗವಾಗಿ ಇಳಿಯುತ್ತದೆ. ಎಲ್ಲ ಕೂಟಗಳಲ್ಲಿಯೂ ಈ ಪ್ರಮಾಣವೇ ಇರಬೇಕೆಂದಿಲ್ಲ. ಆದರೆ ಕೆಲವರು ಬಹಳ, ಬಹಳ ಮಂದಿ ಕೆಲವೇ ಎಂಬ ರೀತಿ ಎಲ್ಲೆಡೆಯೂ ಕಾಣುತ್ತದೆ. ಸುಮ್ಮನೆ ಕೇಳುವವರೂ ಕೂಟದವರೇ ಎಂಬುದನ್ನು ಮರೆಯತಕ್ಕದ್ದಲ್ಲ.

ಸರಾಸರಿಯು ಮರೆಮಾಡುವುದೇನು?

ಇನ್ನು ಎಲ್ಲರೂ ಲೆಕ್ಕಕ್ಕೆ ಸಿಕ್ಕಿದರೆಂದೇ ಭಾವಿಸೋಣ. ಹಕ್ಕಿ ನೋಡುವ ಒಂದು ಕಲ್ಪಿತ ಕೂಟದಲ್ಲಿ 11 ಮಂದಿ ಇದ್ದಾರೆ. ಅವರ ವಯಸ್ಸುಗಳು: 15, 16, 16, 17, 18, 19, 41, 58, 62, 65, 70. ಮೊತ್ತ 397, ಸರಾಸರಿ ಸುಮಾರು 36. ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 36 ವರ್ಷದವರು ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಇಪ್ಪತ್ತರಿಂದ ನಲವತ್ತರವರೆಗೆ ಒಬ್ಬನೂ ಇಲ್ಲ! ಸರಾಸರಿಯನ್ನು ನಂಬಿ ಉದ್ಯೋಗಸ್ಥರಿಗೆ ಅನುಕೂಲವಾಗಲೆಂದು ಭಾನುವಾರ ರಾತ್ರಿ ಸಭೆಯನ್ನು ಕರೆದರೆ, ಶಾಲೆಯ ಮಕ್ಕಳಿಗೂ ವೃದ್ಧರಿಗೂ ಒಟ್ಟಿಗೇ ತೊಂದರೆಯಾದೀತು.

ವಯಸ್ಸುಗಳನ್ನು ಏರುಕ್ರಮದಲ್ಲಿ ಬರೆದಾಗ ಸರಿಯಾಗಿ ನಡುವೆ ಬರುವ ಸಂಖ್ಯೆಗೆ ಮಧ್ಯಾಂಕವೆಂದು ಹೆಸರು. ಇಲ್ಲಿ ಆರನೆಯದು 19; ಅದೇ ಮಧ್ಯಾಂಕ. ಕೂಟದ ಅರ್ಧದಷ್ಟು ಮಂದಿ 19 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರೆಂದು ಇದರಿಂದ ತಿಳಿಯುತ್ತದೆ. ಆದರೆ ಮಧ್ಯಾಂಕವೊಂದೇ ಹಿರಿಯರ ಇರವನ್ನು ತಿಳಿಸಲಾರದು. ಹತ್ತು ಹತ್ತು ವರ್ಷಗಳ ವರ್ಗಗಳನ್ನು ಮಾಡಿ, ಒಂದೊಂದು ವರ್ಗಕ್ಕೂ ಒಂದು ಕಂಬವನ್ನು ಎಳೆದು ನೋಡಿದರೆ ಮಾತ್ರ ನಿಜಸ್ಥಿತಿ ಕಣ್ಣಿಗೆ ಕಟ್ಟುತ್ತದೆ: ಎರಡು ದಿಬ್ಬಗಳು, ನಡುವೆ ಒಂದು ಕಣಿವೆ. ಬಿಡುವು ಬೇಡುವ ಆಸಕ್ತಿಗಳಲ್ಲಿ ಇಂಥ ಆಕೃತಿ ಉಂಟಾಗುವುದು ಸಹಜವೇ. ವಿದ್ಯಾರ್ಥಿಗಳಿಗೆ ಬಿಡುವುಂಟು, ನಿವೃತ್ತರಿಗೆ ಬಿಡುವುಂಟು. ನಡುವಿನವರನ್ನು ಹೊಲ, ಅಡಕೆ ತೋಟ, ನೌಕರಿ, ಮಕ್ಕಳ ಪಾಲನೆ ಹಿಡಿದಿರುತ್ತವೆ. ಅವರಲ್ಲಿ ಆಸಕ್ತಿ ಇಲ್ಲವೆಂದಲ್ಲ, ಹೊತ್ತು ಇಲ್ಲ.

ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರಕ್ಕೆ ಲೋಕದಿಂದಲೇ ಒಂದು ನಿದರ್ಶನವುಂಟು. ಯಾರು ಬೇಕಾದರೂ ಬರೆಯಬಹುದಾದ ವಿಕಿಪೀಡಿಯ ವಿಶ್ವಕೋಶವು ಕನ್ನಡದಲ್ಲಿ 2003ರಿಂದ ಬೆಳೆಯುತ್ತಿದೆ. ಅದರ ಓದುಗರನ್ನೂ ಬರೆಹಗಾರರನ್ನೂ ಕುರಿತು 2008ರಲ್ಲಿ ಅನೇಕ ಭಾಷೆಗಳಲ್ಲಿ ಒಂದು ಸಮೀಕ್ಷೆ ನಡೆಯಿತು. ಉತ್ತರ ಕೊಟ್ಟವರ ಸರಾಸರಿ ವಯಸ್ಸು 25ಕ್ಕೆ ಸ್ವಲ್ಪ ಮೇಲಿದ್ದಿತು. ಆದರೆ ಅವರಲ್ಲಿ ಅರ್ಧದಷ್ಟು ಮಂದಿ 22ರ ಒಳಗಿನವರು. ಕೆಲವೇ ಮಂದಿ ಹಿರಿಯರು ಸರಾಸರಿಯನ್ನು ಮೇಲಕ್ಕೆ ಎಳೆದಿದ್ದರು.

ಉತ್ತರ ಕೊಡದವರು

ಮೇಲಿನ ವಾಕ್ಯದಲ್ಲಿ ‘ಉತ್ತರ ಕೊಟ್ಟವರ’ ಎಂದು ಬರೆದುದಕ್ಕೆ ಕಾರಣವುಂಟು. ಸಂಖ್ಯಾಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾದ ಒಂದು ಸೋಲು ಈ ವಿಷಯಕ್ಕೆ ಸೇರಿದುದೇ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾಗದ ಬರೆದು, ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ಮತ ಕೊಡುವಿರೆಂದು ಕೇಳಿತು. ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಉತ್ತರಗಳು ಬಂದವು. ಅವುಗಳ ಮೇಲೆ ಲ್ಯಾಂಡನ್ ಗೆಲ್ಲುವನೆಂದು ಪತ್ರಿಕೆ ಸಾರಿತು. ಆದರೆ ರೂಸ್‌ವೆಲ್ಟನು 48 ಸಂಸ್ಥಾನಗಳಲ್ಲಿ 46ನ್ನು ಗೆದ್ದನು. ಪತ್ರಿಕೆಯವರು ಹೆಸರುಗಳನ್ನು ಆಯ್ದುದು ಟೆಲಿಫೋನ್ ಮತ್ತು ಮೋಟಾರು ಕಾರು ಉಳ್ಳವರ ಪಟ್ಟಿಗಳಿಂದ. ಅದೂ ಅಲ್ಲದೆ ಉತ್ತರ ಕೊಟ್ಟವರ ಒಲವು ಉತ್ತರ ಕೊಡದವರ ಒಲವಿನಿಂದ ಭಿನ್ನವಾಗಿತ್ತು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸತ್ಯವು ಹತ್ತಿರ ಬರುವುದಿಲ್ಲವೆಂಬುದು ಇದರ ಪಾಠ.

ನಮ್ಮ ಸಣ್ಣ ಕೂಟಕ್ಕೆ ಇದನ್ನು ಅನ್ವಯಿಸೋಣ. ಒಂದು ಕೂಟದಲ್ಲಿ 150 ಕಿರಿಯರು, 50 ಹಿರಿಯರು, ಒಟ್ಟು 200 ಮಂದಿ ಇದ್ದಾರೆನ್ನಿ. ಪ್ರಶ್ನೆಪತ್ರವನ್ನು ಫೋನಿನಲ್ಲಿ ಕಳುಹಿಸಿದೆವು. ಕಿರಿಯರಲ್ಲಿ 90 ಮಂದಿ, ಹಿರಿಯರಲ್ಲಿ 10 ಮಂದಿ ಉತ್ತರ ಕೊಟ್ಟರು. ನೂರು ಉತ್ತರಗಳಲ್ಲಿ ಹಿರಿಯರು ನೂರಕ್ಕೆ 10. ಕೂಟದಲ್ಲಿ ನಿಜವಾಗಿ ಅವರು ನೂರಕ್ಕೆ 25. ಇದು ವಯಸ್ಸಿನ ಲೆಕ್ಕವನ್ನು ಮಾತ್ರ ಕೆಡಿಸುವುದಿಲ್ಲ. ಅಭಿರುಚಿಯ ಲೆಕ್ಕವನ್ನೂ ಕೆಡಿಸುತ್ತದೆ. ‘ಊರಿನವರು ಹಕ್ಕಿಗಳನ್ನು ಕರೆಯುವ ಹಳೆಯ ಹೆಸರುಗಳನ್ನು ಬರೆದಿಡುವ ಕೆಲಸದಲ್ಲಿ ನಿಮಗೆ ಆಸಕ್ತಿಯುಂಟೇ?’ ಎಂಬ ಪ್ರಶ್ನೆಗೆ ಹಿರಿಯರಲ್ಲಿ 8 ಮಂದಿಯೂ ಕಿರಿಯರಲ್ಲಿ 27 ಮಂದಿಯೂ ‘ಉಂಟು’ ಎಂದರೆಂದು ಭಾವಿಸೋಣ. ನೂರಕ್ಕೆ 35 ಮಂದಿಗೆ ಆಸಕ್ತಿಯುಂಟೆಂದು ತೋರುತ್ತದೆ.

ಕೂಟದ ಪಟ್ಟಿಯಲ್ಲಿ ಹಿರಿಯರೆಷ್ಟು ಕಿರಿಯರೆಷ್ಟು ಎಂಬುದು ತಿಳಿದಿದ್ದರೆ ಇದನ್ನು ಸರಿಪಡಿಸಬಹುದು. ಉತ್ತರ ಕೊಟ್ಟ ಒಬ್ಬೊಬ್ಬ ಹಿರಿಯನೂ 5 ಹಿರಿಯರ ಪ್ರತಿನಿಧಿ. ಆದುದರಿಂದ 8 ಎಂಬುದು 40 ಆಗುತ್ತದೆ. ಕಿರಿಯರಲ್ಲಿ 90ಕ್ಕೆ 27, ಎಂದರೆ ನೂರಕ್ಕೆ 30. ನೂರೈವತ್ತು ಮಂದಿಗೆ 45 ಆಗುತ್ತದೆ. ಒಟ್ಟು 85; ಇನ್ನೂರಕ್ಕೆ 85 ಎಂದರೆ ನೂರಕ್ಕೆ 42½. ಹೀಗೆ ಒಂದೊಂದು ಉತ್ತರಕ್ಕೂ ತಕ್ಕ ತೂಕವನ್ನು ಕೊಡುವುದಕ್ಕೆ ತೂಕದ ಸರಾಸರಿಯೆಂದು ಹೆಸರು.

ಪಟ್ಟಿಯಲ್ಲಿ ವಯಸ್ಸೇ ಇಲ್ಲದಿದ್ದರೆ? ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೂ ಒಂದು ಉಪಾಯವುಂಟು. ಮೋರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1946ರಲ್ಲಿ ಅದನ್ನು ವಿವರಿಸಿದರು. ಮೊದಲು ಎಲ್ಲರಿಗೂ ಪ್ರಶ್ನೆಪತ್ರವನ್ನು ಕಳುಹಿಸಬೇಕು; ಉತ್ತರ ಕೊಡದವರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಅವರ ಮನೆಗೇ ಹೋಗಿ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಉತ್ತರ ಕೊಡದವರು 100 ಮಂದಿ. ಅವರಲ್ಲಿ 20 ಮಂದಿಯನ್ನು ಚೀಟಿಯಿಂದ ಆರಿಸಿದರೆ ಅವರಲ್ಲಿ ಹಿರಿಯರು ಸುಮಾರು 8 ಮಂದಿ ಇರುವ ನಿರೀಕ್ಷೆಯುಂಟು. ಒಬ್ಬೊಬ್ಬನೂ ಐವರಿಗೆ ಪ್ರತಿನಿಧಿಯಾದುದರಿಂದ 8 ಎಂಬುದು 40. ಮೊದಲೇ ಉತ್ತರ ಕೊಟ್ಟ 10 ಮಂದಿಯನ್ನು ಸೇರಿಸಿದರೆ 50; ಸತ್ಯವು ಸಿಕ್ಕಿತು. ಚೀಟಿಯಲ್ಲಿ 8ರ ಬದಲು 7 ಅಥವಾ 9 ಬರಬಹುದು. ಆ ತಪ್ಪು ಸಣ್ಣದು, ಅದರ ಪ್ರಮಾಣವನ್ನು ಲೆಕ್ಕಹಾಕಲೂ ಬರುತ್ತದೆ. ಆದರೆ ಚೀಟಿಯ ಬದಲು ‘ಸುಲಭವಾಗಿ ಸಿಕ್ಕುವವರನ್ನು’ ಆರಿಸಿದರೆ ಈ ವಿಧಾನದ ಬಲವೆಲ್ಲವೂ ಹೋಗುತ್ತದೆ.

ವಿಕಿಪೀಡಿಯದ ಸಮೀಕ್ಷೆಗೂ ಇಂಥದೇ ತಿದ್ದುಪಡಿ ನಡೆಯಿತು. ಬೆಂಜಮಿನ್ ಮಾಕೋ ಹಿಲ್ ಮತ್ತು ಆರನ್ ಶಾ ಎಂಬ ಸಂಶೋಧಕರು 2013ರಲ್ಲಿ ಮತ್ತೊಂದು ಸಮೀಕ್ಷೆಯ ನೆರವಿನಿಂದ ತೂಕಗಳನ್ನು ಸರಿಪಡಿಸಿದರು. ಅಮೆರಿಕದ ವಯಸ್ಕ ಬರೆಹಗಾರರಲ್ಲಿ ಸ್ತ್ರೀಯರು ನೂರಕ್ಕೆ 17.8 ಎಂದಿದ್ದುದು ತಿದ್ದಿದ ಮೇಲೆ 22.7 ಎಂದಾಯಿತು. ಅವರು ಕೂಟದಲ್ಲಿ ಮೊದಲಿನಿಂದಲೂ ಇದ್ದರು, ಲೆಕ್ಕದಲ್ಲಿ ಇರಲಿಲ್ಲ.

ವಯಸ್ಸನ್ನು ಕೇಳುವ ಕ್ರಮ

‘ನಿಮ್ಮ ವಯಸ್ಸೆಷ್ಟು?’ ಎಂದು ಹಿರಿಯರನ್ನು ಕೇಳಿದರೆ ‘ಐವತ್ತೋ ಐವತ್ತೈದೋ’ ಎಂಬ ಉತ್ತರ ಬರುವುದು ಸಾಮಾನ್ಯ. ಜನರು ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳನ್ನು ಹೆಚ್ಚಾಗಿ ಹೇಳುವುದನ್ನು ನಮ್ಮ ದೇಶದ ಜನಗಣತಿಗಳಲ್ಲಿಯೂ ಬಹು ಹಿಂದೆಯೇ ಗಮನಿಸಲಾಗಿದೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕವೆಂಬ ಅಳತೆಯುಂಟು. 23ರಿಂದ 62ರವರೆಗಿನ ನಲವತ್ತು ವಯಸ್ಸುಗಳಲ್ಲಿ ಸೊನ್ನೆ ಅಥವಾ ಐದರಲ್ಲಿ ಮುಗಿಯುವವು ಎಂಟು, ಎಂದರೆ ಐದನೆಯ ಒಂದು ಭಾಗ. ಆದಕಾರಣ ಅಂಥ ವಯಸ್ಸು ಹೇಳಿದವರ ಸಂಖ್ಯೆಯನ್ನು ಐದರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಎಲ್ಲರೂ ಸರಿಯಾಗಿ ಹೇಳಿದ್ದರೆ 100ರ ಸಮೀಪ ಬರುತ್ತದೆ; ಎಲ್ಲರೂ ಸೊನ್ನೆ, ಐದುಗಳನ್ನೇ ಹೇಳಿದ್ದರೆ 500 ಬರುತ್ತದೆ. ನಲವತ್ತು ಮಂದಿಯಲ್ಲಿ 16 ಮಂದಿ ಅಂಥ ವಯಸ್ಸು ಹೇಳಿದರೆ ಸೂಚ್ಯಂಕ 200. 175ನ್ನು ಮೀರಿದರೆ ಅಂಥ ಅಂಕಿಗಳನ್ನು ಬಹಳ ಒರಟೆಂದು ಎಣಿಸುವುದು ಪದ್ಧತಿ. ಸಣ್ಣ ಕೂಟಗಳಲ್ಲಿ ಈ ಸೂಚ್ಯಂಕವು ಆಕಸ್ಮಿಕವಾಗಿಯೂ ಏರುಪೇರಾಗಬಹುದಾದ್ದರಿಂದ, ನಾಲ್ಕಾರು ಕೂಟಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡುವುದು ಮೇಲು.

ಇದಕ್ಕೆ ಪರಿಹಾರವೆಂದರೆ ವಯಸ್ಸಿಗೆ ಬದಲಾಗಿ ಹುಟ್ಟಿದ ಇಸವಿಯನ್ನು ಕೇಳುವುದು. ಅದೂ ತಿಳಿಯದಿದ್ದರೆ ಎಲ್ಲರೂ ಬಲ್ಲ ಸಂಗತಿಗಳನ್ನು ಹಿಡಿದು ಕೇಳುವುದು. ‘1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಾಗ ನೀವು ಎಷ್ಟನೆಯ ತರಗತಿಯಲ್ಲಿದ್ದಿರಿ?’ ನಾಲ್ಕನೆಯ ತರಗತಿಯೆಂದರೆ ಹುಟ್ಟಿದುದು 1964ರ ಸುಮಾರಿಗೆ. ‘1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಿಮ್ಮ ಹಿರಿಯ ಮಗು ಶಾಲೆಗೆ ಹೋಗುತ್ತಿದ್ದಿತೇ?’ ಹೀಗೆ ಕೇಳಿದರೆ ನೆನಪು ತಾನಾಗಿಯೇ ದಾರಿ ತೋರಿಸುತ್ತದೆ.

ಸ್ಥಳದ ವಿಷಯದಲ್ಲಿಯೂ ಎಚ್ಚರ ಬೇಕು. ನ್ಯಾಮತಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಅದಕ್ಕೆ ಮೊದಲು ಅದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 2011ರ ಜನಗಣತಿಯ ಹೊನ್ನಾಳಿಯೂ ಇಂದಿನ ಹೊನ್ನಾಳಿಯೂ ಒಂದೇ ಅಲ್ಲ. ಇದನ್ನು ಮರೆತು ಹೋಲಿಸಿದವನಿಗೆ ಹೊನ್ನಾಳಿಯ ಆಸಕ್ತರು ಹಠಾತ್ತನೆ ಕಡಿಮೆಯಾದಂತೆ ತೋರಿದರೆ ಆಶ್ಚರ್ಯವಿಲ್ಲ.

ವಯಸ್ಸಿನ ಗುಣವೋ, ತಲೆಮಾರಿನ ಗುಣವೋ?

ಒಂದು ರೇಡಿಯೋ ಶ್ರೋತೃಕೂಟದಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚಾಗಿರುವುದನ್ನು ಕಂಡೆವೆನ್ನಿ. ವಯಸ್ಸಾದಂತೆ ರೇಡಿಯೋ ಕೇಳುವ ಅಭಿರುಚಿ ಹುಟ್ಟುತ್ತದೆ ಎಂದು ಹೇಳಬಹುದೇ? ಆತುರಪಡಬಾರದು. 1965ರಲ್ಲಿ ಭದ್ರಾವತಿಯ ಕೇಂದ್ರವು ಆರಂಭವಾದಾಗ 15 ವರ್ಷದವನಾಗಿದ್ದ ಹುಡುಗನಿಗೆ 2025ರಲ್ಲಿ 75 ವರ್ಷ. ಅವನು ಹುಡುಗನಾಗಿದ್ದಾಗ ಕಲಿತ ಅಭಿರುಚಿಯನ್ನು ಮುದುಕನಾದಾಗಲೂ ಉಳಿಸಿಕೊಂಡಿರಬಹುದು. ಹಾಗಾದರೆ ಇದು ಮುಪ್ಪಿನ ಅಭಿರುಚಿಯಲ್ಲ, ಒಂದು ತಲೆಮಾರಿನ ಅಭಿರುಚಿ. ಇವೆರಡಕ್ಕೂ ಫಲ ಬೇರೆ. ಮುಪ್ಪಿನ ಅಭಿರುಚಿಯಾದರೆ ಇಂದಿನ ಯುವಕರು ಮುಂದೆ ತಾವಾಗಿಯೇ ಬಂದು ಸೇರುತ್ತಾರೆ, ಕೂಟಕ್ಕೆ ಭಯವಿಲ್ಲ. ತಲೆಮಾರಿನ ಅಭಿರುಚಿಯಾದರೆ ಆ ತಲೆಮಾರಿನೊಡನೆ ಕೂಟವೂ ಮುಗಿಯುತ್ತದೆ. ಒಂದೇ ವರ್ಷದ ಸಮೀಕ್ಷೆಯಿಂದ ಇವೆರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ‘ಈ ಆಸಕ್ತಿ ನಿಮಗೆ ಎಷ್ಟನೆಯ ವಯಸ್ಸಿನಲ್ಲಿ ಹುಟ್ಟಿತು?’ ಎಂಬ ಒಂದು ಪ್ರಶ್ನೆಯನ್ನು ಸೇರಿಸಿದರೆ ಅರ್ಧ ಕೆಲಸವಾದಂತೆ. ಅದೇ ಸಮೀಕ್ಷೆಯನ್ನು ಐದಾರು ವರ್ಷಗಳ ನಂತರ ಮತ್ತೆ ನಡೆಸಿದರೆ ಇನ್ನರ್ಧ.

ಕೆರೆಯ ಮಟ್ಟ ಮತ್ತು ಕೆರೆಯ ನೀರು

ಒಳಹರಿವೂ ಹೊರಹರಿವೂ ಸಮನಾಗಿದ್ದರೆ ಸೂಳೆಕೆರೆಯ ಮಟ್ಟವು ಇದ್ದಂತೆಯೇ ಇರುತ್ತದೆ. ಆದರೆ ಒಳಗಿನ ನೀರು ಅದೇ ಅಲ್ಲ. ಕೂಟಗಳೂ ಹೀಗೆಯೇ. ನಮ್ಮ 11 ಮಂದಿಯ ಕೂಟವನ್ನು ಐದು ವರ್ಷಗಳ ತರುವಾಯ ನೋಡೋಣ. ಆರು ಮಂದಿ ಕಿರಿಯರೂ ಓದು ಮುಂದುವರಿಸಲು ದಾವಣಗೆರೆ, ಶಿವಮೊಗ್ಗ, ಬೆಂಗಳೂರುಗಳಿಗೆ ಹೊರಟುಹೋದರು. ಅವರ ಸ್ಥಾನದಲ್ಲಿ ಅದೇ ವಯಸ್ಸಿನ ಆರು ಮಂದಿ ಹೊಸಬರು ಬಂದರು. ಉಳಿದ ಐವರಿಗೆ ತಲಾ ಐದು ವರ್ಷ ಹೆಚ್ಚಾಯಿತು. ಮೊತ್ತ 397 ಇದ್ದುದು 422; ಸರಾಸರಿ 36ರಿಂದ 38ಕ್ಕೆ ಏರಿತು, ಅಷ್ಟೆ. ಮಧ್ಯಾಂಕವು 19 ಆಗಿಯೇ ಉಳಿಯಿತು. ಸಂಖ್ಯೆಗಳನ್ನು ನೋಡಿದವರು ಕೂಟವು ಸುಸ್ಥಿತಿಯಲ್ಲಿದೆಯೆನ್ನುತ್ತಾರೆ. ಆದರೆ ಕಿರಿಯರಲ್ಲಿ ಒಬ್ಬನೂ ಐದು ವರ್ಷ ನಿಲ್ಲಲಿಲ್ಲ. 70ರವರು 75ನ್ನು ಮುಟ್ಟಿದರು. ಯಾವ ತಿಂಗಳಿನಲ್ಲಿ ಯಾವ ಹಕ್ಕಿ ಕೆರೆಗೆ ಇಳಿಯುತ್ತದೆ, ನೀರು ಎಲ್ಲಿಯವರೆಗೆ ನಿಲ್ಲುತ್ತಿದ್ದಿತು, ಯಾವ ಹಕ್ಕಿಗೆ ಹಿರಿಯರು ಏನೆಂದು ಕರೆಯುತ್ತಿದ್ದರು ಎಂಬ ತಿಳಿವಳಿಕೆ ಒಂದು ತಿಂಗಳಿನ ಪರಿಚಯದಿಂದ ಬರತಕ್ಕದ್ದಲ್ಲ. ಅದನ್ನು ಪಡೆಯುವಷ್ಟು ಕಾಲ ಯಾರೂ ಜೊತೆಗಿರದಿದ್ದರೆ, ಕೂಟದ ಹೆಸರು ಉಳಿದು ತಿಳಿವಳಿಕೆ ಹೋಗುತ್ತದೆ. ಆದುದರಿಂದ ವಯಸ್ಸಿನೊಡನೆ ‘ಕೂಟಕ್ಕೆ ಸೇರಿ ಎಷ್ಟು ವರ್ಷವಾಯಿತು?’ ಎಂಬುದನ್ನು ಕೇಳದ ಸಮೀಕ್ಷೆ ಅಪೂರ್ಣ.

ವಿದ್ಯಾರ್ಥಿಗಳು ಮಾಡತಕ್ಕ ಅಭ್ಯಾಸ

1. ನಿಮ್ಮ ಊರಿನಲ್ಲಿ ಅಥವಾ ತಾಲ್ಲೂಕಿನಲ್ಲಿ ಒಂದು ಸಣ್ಣ ಆಸಕ್ತಿಯ ಕೂಟವನ್ನು ಆರಿಸಿಕೊಳ್ಳಿ: ಭಜನೆಯ ಮೇಳ, ಹವ್ಯಾಸಿ ನಾಟಕದವರು, ಹಕ್ಕಿ ನೋಡುವವರು, ಹೋರಿ ಸಾಕುವವರು, ಯಾವುದಾದರೂ ಸರಿ. ‘ಈ ಕೂಟಕ್ಕೆ ಸೇರಿದವರೆಂದರೆ ಯಾರು’ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ.

2. ನಾಲ್ಕು ಪ್ರಶ್ನೆಗಳು ಸಾಕು: ಹುಟ್ಟಿದ ಇಸವಿ, ಆಸಕ್ತಿ ಹುಟ್ಟಿದಾಗಿನ ವಯಸ್ಸು, ಕೂಟಕ್ಕೆ ಸೇರಿದ ಇಸವಿ, ಕೂಟದ ಕೆಲಸಗಳಲ್ಲಿ ಹೆಚ್ಚು ಇಷ್ಟವಾದುದು. ಹೆಸರನ್ನು ಬರೆದುಕೊಳ್ಳಬೇಡಿ, ಸಂಖ್ಯೆಯೊಂದನ್ನು ಕೊಟ್ಟರೆ ಸಾಕು. ಚಿಕ್ಕ ಮಕ್ಕಳನ್ನು ಕೇಳುವ ಮುನ್ನ ಅವರ ಮನೆಯವರ ಒಪ್ಪಿಗೆ ಪಡೆಯಿರಿ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಪಡಿಸಬೇಡಿ.

3. ಉತ್ತರ ಕೊಡದವರಲ್ಲಿ ಐದರಲ್ಲೊಬ್ಬರನ್ನು ಚೀಟಿ ಎತ್ತಿ ಆರಿಸಿ, ಖುದ್ದಾಗಿ ಕಂಡು ಕೇಳಿರಿ. ಮೊದಲ ಉತ್ತರಗಳಿಂದ ಬಂದ ಮಧ್ಯಾಂಕವನ್ನೂ, ಇವರನ್ನು ತೂಕಸಹಿತ ಸೇರಿಸಿದ ಮೇಲೆ ಬಂದ ಮಧ್ಯಾಂಕವನ್ನೂ ಹೋಲಿಸಿರಿ.

4. ವಯಸ್ಸಿನ ಕಂಬಚಿತ್ರವನ್ನು ಬರೆಯಿರಿ. ದಿಬ್ಬಗಳೆಷ್ಟು? ಕಣಿವೆ ಎಲ್ಲಿದೆ? ಆ ಕಣಿವೆಯ ವಯಸ್ಸಿನವರು ಕೂಟಕ್ಕೆ ಬಾರದಿರುವುದು ಆಸಕ್ತಿಯಿಲ್ಲದೆಯೋ ಬಿಡುವಿಲ್ಲದೆಯೋ ಎಂಬುದನ್ನು ಅಂಥ ಕೆಲವರನ್ನೇ ಕೇಳಿ ತಿಳಿಯಿರಿ.

5. ದೊರೆತ ಫಲವನ್ನು ಮೊದಲು ಆ ಕೂಟದವರಿಗೇ ಓದಿ ಹೇಳಿರಿ. ಅಳತೆಗೆ ಒಳಗಾದವರಿಗೆ ಅಳತೆಯ ಫಲವನ್ನು ತಿಳಿಯುವ ಹಕ್ಕುಂಟು; ಸಭೆಯ ಹೊತ್ತನ್ನು ಬದಲಿಸುವುದೋ, ಹಿರಿಯರೊಡನೆ ಕಿರಿಯರನ್ನು ಜೊತೆಮಾಡುವುದೋ, ತೀರ್ಮಾನಿಸತಕ್ಕವರು ಅವರೇ.

ಭಾರತದಲ್ಲಿ ಸಮೀಕ್ಷಾಶಾಸ್ತ್ರಕ್ಕೆ ತಳಹದಿ ಹಾಕಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸುತ್ತಿದ್ದೇವೆ. ಅವರು ಬೆಳೆಗಳನ್ನೂ ಜನಜೀವನವನ್ನೂ ಅಳೆಯಲು ಬಳಸಿದ ತತ್ತ್ವಗಳೇ ಹತ್ತು ಮಂದಿಯ ಕೂಟಕ್ಕೂ ಸಲ್ಲುತ್ತವೆ. ಯಾರನ್ನು ಕೇಳಿದೆವು, ಯಾರು ಉಳಿದರು, ಹೇಗೆ ಕೇಳಿದೆವು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಅಂಕಿಯನ್ನು ಒಪ್ಪದಿರುವುದೇ ಈ ಶಾಸ್ತ್ರದ ಮೊದಲನೆಯ ಪಾಠ.